ಕಂಡಕ್ಟರರ ಎಡಗೈ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆ ಬದಿಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಹಾಯಕಿಯಾಗಿದ್ದೆ. ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಮಲೇರಿಯಾಕ್ಕೆ ರಕ್ತ ತೆಗೆಯುವುದು ನನ್ನ ಕೆಲಸ. ವಯಸ್ಸಾದವರ ಮನೆಗೆ ಹೋಗುತ್ತಿದ್ದದ್ದು ಬಿ.ಪಿ. ನೋಡಲಿಕ್ಕೆ ಮಾತ್ರ.

ಅಂಥ ಒಂದು ಮನೆಯ ಹಿರಿಯರು ಅದೇ ರಸ್ತೆಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವರು. ಬಸ್ಸು ತಿರುವಿನ ಆಚೆ ಇರುವಾಗಲೇ ಬಸ್ಸು ಹೊರಡಿಸುವ ಅವರ ‘ರೈಟ್, ಪೋಯಿ’ ಕೂಗು ಕೇಳುತ್ತಿತ್ತು. ಪಾರ್ಶ್ವವಾಯು ಬಡಿದು ಬಲಭಾಗವೂ ಮಾತೂ ಒಟ್ಟಿಗೆ ಹೋದವು. ಹೆಂಡತಿ ತೀರಿಕೊಂಡಿದ್ದರು. ನೋಡಿಕೊಳ್ಳುತ್ತಿದ್ದವಳು ಗಂಡನ ಮನೆ ಬಿಟ್ಟು ಬಂದಿದ್ದ ಮಗಳು. ಬೀಡಿ ಕಟ್ಟುತ್ತಾ ಮನೆ ನಡೆಸುತ್ತಿದ್ದಳು. ಮಗನಿಗೆ ಮೂಡುಬಿದಿರೆಯಲ್ಲಿ ಟೈಲರಿಂಗ್ ಅಂಗಡಿ. ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಒಂದು ದಿನ ಬಿ.ಪಿ. ಪಟ್ಟಿ ಸುತ್ತುವಾಗ ಅವರ ಎಡಗೈಯ ಮಣಿಕಟ್ಟಿನಲ್ಲಿ ಹಗ್ಗದ ಗಾಯ ಕಂಡಿತು. ಅಂಗಿ ಸರಿಸಿದರೆ ಬೆನ್ನ ಮೇಲೆ ನೀಲಿಗಟ್ಟಿದ ಗೆರೆಗಳು.

“ಬಚ್ಚಲಲ್ಲಿ ಬಿದ್ದದ್ದು ಮೇಡಂ,” ಎಂದಳು ಮಗಳು. ನಾನು ಕೇಳುವ ಮೊದಲೇ ಹೇಳಿದಳು.

ಆಗ ಹಿರಿಯರಿಗೆಂದು ಪ್ರತ್ಯೇಕ ಕಾನೂನು ಇರಲಿಲ್ಲ. ಇದ್ದದ್ದು ಪೊಲೀಸ್ ಠಾಣೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ ಹೇಳಿದೆ. ಅವರು, “ಠಾಣೆಗೆ ಹೇಳುವ. ಆದರೆ ನಾಳೆ ಅವರಿಗೆ ಗಂಜಿ ಕುಡಿಸುವವರು ಯಾರು? ಅದನ್ನು ಮೊದಲು ನೋಡುವ,” ಎಂದರು.

ಮೂಡುಬಿದಿರೆಯಿಂದ ಮಗನನ್ನು ಕರೆಸಿದೆವು. ಅವನು ಕುಳಿತ ಕೂಡಲೇ, “ಯಾವುದಾದರೂ ಆಶ್ರಮಕ್ಕೆ ಸೇರಿಸುವ, ಮುಗಿಯಿತಲ್ಲ,” ಎಂದ.

“ಅಪ್ಪನ ಹತ್ತಿರ ಕೇಳಿದ್ದೀರಾ?” ಎಂದು ಡಾಕ್ಟರರು ಕೇಳಿದರು.

“ಅವರಿಗೆ ಮಾತು ಬರುವುದಿಲ್ಲವಲ್ಲ ಸಾರ್.”

ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಮಗಳು ಎದುರಿಗಿದ್ದರೆ ಆಗುವುದಿಲ್ಲ. ಪಕ್ಕದ ದಿನಸಿ ಅಂಗಡಿಯ ಮುಸ್ಲಿಂ ವ್ಯಾಪಾರಿ ಬ್ಯಾರಿಯವರ ಹೆಂಡತಿ ಏನೋ ನೆಪ ಹೇಳಿ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ನಾನು ಮಂಚದ ಬಳಿ ಕುಳಿತು ಅವರ ಎಡಗೈ ಹಿಡಿದುಕೊಂಡೆ. “ಹೌದಾದರೆ ಒತ್ತಿ, ಅಲ್ಲದಿದ್ದರೆ ಬಿಡಿ,” ಎಂದೆ.

“ಮಗಳು ಕಟ್ಟಿ ಹಾಕುತ್ತಾಳಾ?” ಒತ್ತಿದರು.

“ಹೊಡೆಯುತ್ತಾಳಾ?” ತಡವಾಗಿ ಒತ್ತಿದರು. ಮುಖ ಗೋಡೆಗೆ ತಿರುಗಿತು.

“ಆಶ್ರಮಕ್ಕೆ ಹೋಗುತ್ತೀರಾ?” ಕೈ ಕೊಡವಿ ಬಿಡಿಸಿಕೊಂಡರು. ಸಿಟ್ಟು ಬಂದದ್ದು ಗೊತ್ತಾಯಿತು.

ಮಗಳೊಡನೆ ಮಾತಾಡಿದ್ದು ಮರುದಿನ. ಎದುರಿಗೆ ಮೊರವಿಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿದ್ದಳು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮೊದಲು ಇಲ್ಲವೆಂದಳು. ಆಮೇಲೆ ಕತ್ತರಿ ಕೆಳಗಿಟ್ಟಳು.

“ಬಸ್ಸಿನ ಹಾರ್ನ್ ಕೇಳಿದರೆ ಸಾಕು ಮೇಡಂ, ಕುಂಡೆ ಎಳೆದುಕೊಂಡು ರಸ್ತೆಗೆ ಹೋಗ್ತಾರೆ. ಒಮ್ಮೆ ಲಾರಿಯ ಅಡಿಗೆ ಬೀಳ್ತಿದ್ದರು. ಕಟ್ಟದೆ ನಾನು ಎಂತ ಮಾಡಲಿ?”

“ಕಟ್ಟಿದ್ದು ಅದಕ್ಕೆ. ಹೊಡೆದದ್ದು ಯಾಕೆ?”

ಅವಳು ಮೊರದಲ್ಲಿದ್ದ ಎಲೆಗಳನ್ನು ಒಟ್ಟುಮಾಡಿದಳು. “ನನಗೆ ನಿದ್ರೆ ಇಲ್ಲ,” ಎಂದಳು.

ಅವಳ ಮೇಲೆ ನನಗೆ ಕನಿಕರ ಬಂತು. ಆ ಬೆನ್ನು ನೆನಪಾದಾಗ ಕನಿಕರ ಹೋಯಿತು. ಆ ವರ್ಷವಿಡೀ ಇದು ಹೀಗೇ ನಡೆಯಿತು.

ಡಾಕ್ಟರರ ಕೋಣೆಯಲ್ಲಿ ಮಗಳು, ಮಗ, ಬ್ಯಾರಿಯವರನ್ನು ಕೂರಿಸಿಕೊಂಡು ನಾವು ಒಂದು ವ್ಯವಸ್ಥೆ ಮಾಡಿದೆವು. ಹಗ್ಗ ಮನೆಯಿಂದ ಹೊರಗೆ ಹೋಗಬೇಕು. ಜಗಲಿಗೆ ಅರ್ಧ ಎತ್ತರದ ಬಾಗಿಲು ಇಡಿಸಿ, ರಸ್ತೆ ಕಾಣುವ ಹಾಗೆ ಅಲ್ಲೇ ಮಂಚ ಹಾಕಬೇಕು. ಬೆಳಗ್ಗೆ ಅವಳು ಬೀಡಿ ಕೊಡಲು ಹೋದಾಗ ಅಂಗಡಿಯ ಬ್ಯಾರಿಯವರು ಬಂದು ಕೂರುತ್ತಾರೆ. ಶನಿವಾರ ಮಗ ಬಂದು ಸೋಮವಾರದವರೆಗೆ ಇರಬೇಕು, ಅವಳು ಮಲಗಬೇಕು. ನಾನು ಮುಂಚಿತವಾಗಿ ಹೇಳದೆ ಹೋಗಿ ಮೈ ನೋಡುತ್ತೇನೆ. ಹೊಸ ಗಾಯ ಕಂಡರೆ ಠಾಣೆಗೆ. ಇದನ್ನು ಅವಳ ಎದುರಿಗೇ ಹೇಳಿದೆವು.

ಮಗ ಎದ್ದು ನಿಂತ. “ನನ್ನ ಅಂಗಡಿ ಯಾರು ನೋಡುವುದು?”

ಅದುವರೆಗೆ ಮಾತಾಡದಿದ್ದ ಬ್ಯಾರಿಯವರು, “ನನಗೂ ಅಂಗಡಿ ಉಂಟು ಮಾರಾಯ. ಅವರು ನನಗೆ ಅಪ್ಪ ಅಲ್ಲ,” ಎಂದರು. ಅವನು ಕುಳಿತ.

ಎಲ್ಲವೂ ಸರಿಹೋಯಿತು ಎಂದಲ್ಲ. ಮಳೆಗಾಲದಲ್ಲಿ ಮಗ ಕೆಲವು ವಾರ ಬರಲಿಲ್ಲ. ಆಗ ಒಂದು ಬೆಳಿಗ್ಗೆ ಅವರ ಕೆನ್ನೆಯಲ್ಲಿ ಬೆರಳಿನ ಗುರುತು ಕಂಡೆ. ಡಾಕ್ಟರರು ಠಾಣೆಗೆ ತಿಳಿಸಿಯೇಬಿಟ್ಟರು. ಪೊಲೀಸರು ಬಂದು ಮಗಳಿಗೂ ಮಗನಿಗೂ ಎಚ್ಚರಿಕೆ ಕೊಟ್ಟರು. ಒಂದಷ್ಟು ಕಾಲ ಮಗ ಅಪ್ಪನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗಿ ಇಟ್ಟುಕೊಂಡ. ಆ ನಂತರ ಹಿರಿಯರೇ ಊಟ ಬಿಟ್ಟು ಹಟ ಹಿಡಿದು ವಾಪಸು ಬಂದರು. ಆಮೇಲೆ ಮಗ ಶನಿವಾರ ತಪ್ಪಿಸಲಿಲ್ಲ. ನನಗೂ ಹೊಸ ಗಾಯ ಕಾಣಿಸಲಿಲ್ಲ. ಅವರು ತೀರಿಕೊಂಡದ್ದು ಜಗಲಿಯ ಮಂಚದಲ್ಲೇ, ನಿದ್ರೆಯಲ್ಲಿ.

ಬೊಜ್ಜದ ಉತ್ತರಕ್ರಿಯೆ ಮುಗಿದು ಕೆಲವು ತಿಂಗಳಾದ ಮೇಲೆ ಮಗಳು ಉಪಕೇಂದ್ರಕ್ಕೆ ಬಂದಳು. “ಬೀಡಿ ಕೆಲಸ ಕಡಿಮೆಯಾಯಿತು ಮೇಡಂ. ಪ್ರಾಯ ಆದವರನ್ನು ನೋಡಿಕೊಳ್ಳಲಿಕ್ಕೆ ಜನ ಬೇಕಿದ್ದರೆ ಹೇಳಿ. ನನಗೆ ಅಭ್ಯಾಸ ಉಂಟು.”

ನೋಡಿ ಹೇಳುತ್ತೇನೆ ಎಂದೆ. ಬೆಳ್ತಂಗಡಿಯಲ್ಲಿ ನನಗೆ ಗೊತ್ತಿದ್ದ ಒಂದು ಮನೆಯವರು ತಮ್ಮ ಅಜ್ಜಿಯನ್ನು ನೋಡಿಕೊಳ್ಳಲು ಹೆಂಗಸೊಬ್ಬರನ್ನು ಹುಡುಕುತ್ತಿದ್ದರು. ಅಲ್ಲಿಗೆ ಕಳುಹಿಸಲಿಲ್ಲ. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸವಿದೆ ಎಂದು ತಿಳಿದು, ಅವಳು ಮತ್ತೆ ಬಂದಾಗ ಅದನ್ನು ಹೇಳಿದೆ. ಯಾಕೆಂದು ಅವಳಿಗೆ ಅರ್ಥವಾಯಿತು. “ಆಗಲಿ,” ಎಂದು ಹೇಳಿ, ಕೊಡೆ ಬಿಡಿಸಿಕೊಂಡು ಹೊರಟಳು.