ಮಾವನ ಕೊಬ್ಬು, ಅತ್ತೆಯ ಹರಕೆ

ಹೊಸ ಶೂಗಳ ರಬ್ಬರು ವಾಸನೆ ಮೂಗಿಗೆ ಬಡಿದಾಗೆಲ್ಲ ನನಗೆ ಗೆಟ್ಟವಾಡಿಯ ಸೋದರಮಾವ ನೆನಪಾಗುತ್ತಾನೆ. ಇವತ್ತು ಬೆಳಿಗ್ಗೆ ಹೆಂಡತಿ ಅಂಥದೇ ಒಂದು ಜೊತೆ ತಂದು ನನ್ನ ಕಾಲ ಬಳಿ ಇಟ್ಟಳು. ನನ್ನ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆಯಂತೆ. ಬುದ್ಧಿಯಾದರೂ ಹೆಚ್ಚಾಗಬಾರದಿತ್ತೇ!

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮಾವ ಹೊಸದಾಗಿ ಬೈಕು ಕೊಂಡಿದ್ದ. ಕೊಂಡ ಮೇಲೆ ಮಹಾರಾಯ ಹಿತ್ತಲಾಚೆಯ ಕೋಸಿನ ಹೊಲಕ್ಕೂ ಅದರ ಮೇಲೇ ಹೋಗುತ್ತಿದ್ದ. ಹೊಟ್ಟೆ ಬಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತಾಗ ಅತ್ತೆ ಅವನನ್ನು ಚಾಮರಾಜನಗರದ ಡಾಕ್ಟರ ಬಳಿಗೆ ಎಳೆದೊಯ್ದಳು.

"ಮೈ ಅನ್ನೋದು ಮಹಾ ಜಿಪುಣ," ಎಂದರು ಡಾಕ್ಟರು. "ಹೊರಟ ಕೂಡಲೇ ಕೈಗೆ ಸಿಕ್ಕ ಸಕ್ಕರೆಯನ್ನೇ ಹೆಚ್ಚು ಉರಿಸುತ್ತೆ. ನಿಲ್ಲದೆ ಬಿರಬಿರನೆ ನಡೀತಾ ಇದ್ರೆ ಆಮೇಲೆ ಕೂಡಿಟ್ಟ ಕೊಬ್ಬಿಗೆ ಕೈ ಹಾಕುತ್ತೆ. ದಿನಾ ನಡೀರಿ."

ಮಾವ ಬಿಳಿ ಶೂ ಕೊಂಡ. ಆದರೆ ನಮ್ಮ ತಾಳವಾಡಿ ಸೀಮೆಯಲ್ಲಿ ಸುಮ್ಮನೆ ನಡೆಯುವುದು ಸುಲಭವೇ? ಕೂಲಿಯವರು ಮೈಲಿಗಟ್ಟಲೆ ನಡೆದರೆ ಯಾರ ಗಾಡಿಯೂ ನಿಲ್ಲುವುದಿಲ್ಲ. ನಾಲ್ಕೆಕರೆ ಇದ್ದವನು ನಡೆದರೆ ಮಾತ್ರ ಊರಿಗೇ ಕನಿಕರ ಉಕ್ಕುತ್ತದೆ. ಗಾಡಿ ನಿಲ್ಲಿಸಿ ಕರೆದಾಗ ಹತ್ತದಿದ್ದರೆ ಸೊಕ್ಕು ಅನ್ನುತ್ತಾರೆ.

"ಯಾಕಣ್ಣ, ಗಾಡಿ ಕೆಟ್ಟೋಯ್ತಾ? ಅತ್ಕಳಿ, ಬುಡ್ತೀನಿ," ಎಂದು ಮೊಪೆಡ್ಡಿನವನೊಬ್ಬ ನಿಲ್ಲಿಸುವನು. ಮಾವ ಹತ್ತುವನು. ಇಳಿಯುವುದು ಟೀ ಅಂಗಡಿ ಮುಂದೆ, ಬಿಸಿ ಬಜ್ಜಿಯ ಎದುರು. ವಾಪಸು ತರಲು ಇನ್ನೊಬ್ಬ ಪುಣ್ಯಾತ್ಮ. ಕೆಲವು ತಿಂಗಳ ಮೇಲೆ ರಕ್ತ ನೋಡಿಸಿದರೆ ಕೊಬ್ಬು ಇನ್ನೂ ಏರಿತ್ತು.

"ಕರ್ದೋರ್ಗೆ ಬ್ಯಾಡ ಅನ್ನಾಕಾದಾ?" ಎಂದ ಮಾವ, ಏನೋ ತ್ಯಾಗ ಮಾಡಿದವನ ಹಾಗೆ.

ಅತ್ತೆಯ ಕಣ್ಣಲ್ಲಿ ನೀರು ಬಂತು. "ನಿಮ್ಮಪ್ಪಾರು ಇದೇ ವಯಸ್ನಲ್ಲಿ ಒಲ್ದಲ್ಲೇ ಎದೆ ಇಡ್ಕಂಡು ಒಂಟೋದ್ರು. ನಿಮ್ಗೂ ಅದೇ ಬೇಕಾ?" ಅವಳ ಭಯವೆಲ್ಲ ಅದೊಂದೇ.

ಮರುದಿನ ಅವಳು ಮಾವನ ಶೂ ಬಿಚ್ಚಿಸಿ, ಹಣೆಗೆ ವಿಭೂತಿ ಬಳಿದು, ಬರಿಗಾಲಲ್ಲಿ ಹೊರಡಿಸಿದಳು. ಊರಿಗೆಲ್ಲ ಸಾರಿದಳು: "ಮಾದಪ್ಪನ ಅರಕೆ ಕಣ್ರಪ್ಪ. ದಿನಾ ನಡೀಬೇಕು. ಗಾಡಿ ಅತ್ತಂಗಿಲ್ಲ, ದಾರೀಲಿ ಏನೂ ತಿನ್ನಂಗಿಲ್ಲ."

ಮಾದಪ್ಪನ ಹೆಸರು ಕೇಳಿದ ಮೇಲೆ ನಮ್ಮ ಕಡೆ ಯಾವನು ಗಾಡಿ ನಿಲ್ಲಿಸಿಯಾನು? ಬಜ್ಜಿಯವನು ಕೂಡ ಜಾಲರಿ ಸೌಟು ಕೆಳಗಿಟ್ಟು ಕೈಮುಗಿದ. ಮಾವನ ಮುಖ ನೋಡಬೇಕಿತ್ತು! ಬಿಳಿ ಶೂಗಳು ದೃಷ್ಟಿ ತಾಗದ ಹಾಗೆ ಕುಂಬಳದ ಚಪ್ಪರಕ್ಕೆ ತೂಗುಬಿದ್ದವು.

ಕೊಬ್ಬು ಕರಗಿತು. ತಮ್ಮ ಸಲಹೆಯ ಫಲ ಎಂದರು ಡಾಕ್ಟರು. ಮಾದಪ್ಪನ ಮಹಿಮೆ ಎಂದಿತು ಊರು. ಎಲ್ಲಾ ತನ್ನ ಮನೋಬಲ ಎಂದು ಮಾವ ಎದೆ ಉಬ್ಬಿಸಿದ. ನಾನೊಬ್ಬನೇ ಗುಟ್ಟು ಬಲ್ಲವನೆಂಬಂತೆ ಅತ್ತೆಯನ್ನು ಕೆಣಕಿದೆ: "ದ್ಯಾವ್ರ ಎಸ್ರಲ್ಲಿ ಸುಳ್ಳೇಳ್ಬುಟ್ಟಲ್ಲ ಅತ್ತೆ!"

"ಸುಳ್ಯಾಕ್ಲಾ ಆದದು? ಅರಕೆ ನಿಜಾನೇ ಕಣ. ಕಟ್ಕಂಡೋಳು ನಾನು," ಎಂದು ದೇವರ ಗೂಡಿನಲ್ಲಿದ್ದ, ಕಾಸು ಗಂಟು ಹಾಕಿದ ಅರಿಸಿನ ಬಟ್ಟೆಯ ಮುಡಿಪು ತೋರಿಸಿದಳು. "ಅವ್ರನ್ನ ಉಳ್ಸಿಕೊಡಪ್ಪ ಅಂತ."

ನನ್ನ ನಗು ಅಲ್ಲೇ ನಿಂತಿತು.

ಇವತ್ತು ಶೂ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ದೆ, ಅಷ್ಟೆ. ಪಕ್ಕದ ಮನೆಯವನು ಬೈಕು ನಿಲ್ಲಿಸಿದ. "ಅತ್ಕಳಿ ಸಾರ್, ಟೀ ಕುಡ್ದು ಬರವ." ನೀವಾದರೆ ಏನು ಮಾಡುತ್ತಿದ್ದಿರೋ, ನಾನಂತೂ ಹತ್ತಿ ಕುಳಿತೇಬಿಟ್ಟೆ. ತಿರುಗಿ ನೋಡಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಅದರಲ್ಲಿ ಏನು ಗಂಟು ಹಾಕಿದ್ದಳೋ.

"ನೀ ಓಗಪ್ಪ," ಎಂದು ಇಳಿದೆ. "ನಮ್ಮನೇಲಿ ಅರಕೆ ಅದೆ."