ಅಮ್ಮನಿಗೊಂದು ಬರಿ

ಅಕ್ಕನ ಮದುವೆ ಒಂದು ಲೋಟ ಹಾಲಿನಲ್ಲಿ ಕುದುರಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅಪ್ಪ ಹೇಳುವಾಗ ಅದು ವಿಟ್ಲದ ಒಬ್ಬ ಅಜ್ಜಿಯ ದೊಡ್ಡ ಮನಸ್ಸಿನ ಕಥೆ. ಅಕ್ಕ ಹೇಳುವಾಗ ಪ್ರೀತಿ ಗೆದ್ದ ಕಥೆ. ಎರಡೂ ಕೇಳಲಿಕ್ಕೆ ಚೆನ್ನಾಗಿವೆ. ಆದರೆ ಚರ್ಚಾಸ್ಪರ್ಧೆಗೆ ತಯಾರಿ ಮಾಡಿ ಮಾಡಿ ನನಗೊಂದು ಚಾಳಿ ಅಂಟಿಕೊಂಡಿದೆ: ಯಾವ ಕಥೆ ಕೇಳಿದರೂ, ಇದರಲ್ಲಿ ಮಾತಾಡದೆ ಉಳಿದವರು ಯಾರು ಎಂದು ಹುಡುಕುವುದು. ಹಾಲು ಕುಡಿದವಳು ಅಮ್ಮ. ಅವಳ ಪಾಲಿನ ಕಥೆಯನ್ನು ಇದುವರೆಗೆ ಯಾರೂ ಕೇಳಿಲ್ಲ.

ನಮ್ಮ ಕಡೆಯ ತುಳು ಮನೆಗಳಲ್ಲಿ ಬರಿ ಎಂದರೆ ತಾಯಿಯಿಂದ ಬರುವ ಕುಲ. ಅಪ್ಪನ ಬರಿ ಅಪ್ಪನಲ್ಲಿಯೇ ನಿಲ್ಲುತ್ತದೆ. ಮಕ್ಕಳದ್ದು ಅಮ್ಮನ ಬರಿ, ಅಮ್ಮನದ್ದು ಅವಳ ಅಮ್ಮನ ಬರಿ. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆಯಾಗುವ ಹಾಗಿಲ್ಲ. ಇಷ್ಟನ್ನೇ ಹಿಡಿದುಕೊಂಡು, ತುಳುನಾಡಿನಲ್ಲಿ ಹೆಣ್ಣೇ ಯಜಮಾನಿ ಎಂದು ವೇದಿಕೆಗಳಲ್ಲಿ ಭಾಷಣ ಮಾಡುವವರಿದ್ದಾರೆ. ಆ ವಿಷಯದ ಪರವಾಗಿ ಮಾತಾಡಿಯೂ ಕಪ್ ಗೆದ್ದಿದ್ದೇನೆ, ವಿರೋಧವಾಗಿ ಮಾತಾಡಿಯೂ ಗೆದ್ದಿದ್ದೇನೆ. ವಿರೋಧದ ವಾದವೇ ಸುಲಭ: ಹೆಸರು ತಾಯಿಯದ್ದು, ಮಾತು ಸೋದರಮಾವನದ್ದು.

ಅಮ್ಮ ಘಟ್ಟದ ಮೇಲಿನವಳು. ಅಪ್ಪ ಚಿತ್ರದುರ್ಗದಲ್ಲಿ ನಮ್ಮೂರಿನವರದೇ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದಾಗ ಎದುರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆಯಾಗಿ ಬಿ.ಸಿ.ರೋಡಿಗೆ ಬಂದ ಹೊಸತರಲ್ಲಿ ನೆರೆಯ ಹೆಂಗಸರು ತುಳುವಿನಲ್ಲಿ "ಈರೆನ ಬರಿ ಒವು?" ಎಂದು ಕೇಳಿದರಂತೆ. ನಿಮ್ಮ ಬರಿ ಯಾವುದು ಎಂದು. ಅವಳ ಕಿವಿಗೆ ಬಿದ್ದದ್ದು ತನ್ನ ಕನ್ನಡದ ಬರಿ. ತವರಿನಿಂದ ಏನು ತಂದೆ ಎಂದು ಕೇಳುತ್ತಿದ್ದಾರೆ ಎಂದುಕೊಂಡು, "ಬರಿಗೈಲೇ ಬಂದಿದ್ದೀನಿ" ಎಂದಳು. ಕೇರಿಯಲ್ಲಿ ಇಂದಿಗೂ ಅದೊಂದು ನಗೆಮಾತು. ನಾನು ಯೋಚಿಸಿದಷ್ಟೂ ಅದು ಸರಿಯಾದ ಉತ್ತರವೇ ಅನ್ನಿಸುತ್ತದೆ.

ನಾನು ಸೇರಿದ್ದ ಮೂಡುಬಿದಿರೆಯ ಕಾಲೇಜಿನಲ್ಲಿ ಸಾಂಸ್ಕೃತಿಕ ಮಾನವಶಾಸ್ತ್ರದ ಮೊದಲ ಪಾಠಗಳು ನಡೆಯುತ್ತಿದ್ದವು. ಮೇಡಂ ಬೋರ್ಡಿನ ಮೇಲೆ ಬಂಧುತ್ವದ ನಕ್ಷೆ ಬರೆದರು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ತಾಯಿಯ ಸಾಲು ಹಿಡಿದು ನಿಮ್ಮ ನಿಮ್ಮದನ್ನು ಬರೆಯಿರಿ ಎಂದರು. ಉಳಿದವರು ಮುತ್ತಜ್ಜಿಯನ್ನೂ ದಾಟಿ ಹೋದರು. ನನ್ನದು ಬೇಗ ಮುಗಿಯಿತು: ನಾನು, ಅಮ್ಮ, ದುರ್ಗದ ಅಜ್ಜಿ. ಪಕ್ಕದಲ್ಲಿ ಕೂತವಳು ಬಗ್ಗಿ ನೋಡಿ, "ನಿನ್ನದು ಬರೀ ಸೊನ್ನೆ ಮಾರಾಯ್ತಿ" ಎಂದಳು.

ಮೇಡಂ ಅಂದು ಹೇಳಿದ ಒಂದು ಮಾತನ್ನು ನಾನು ಆಯುಧದ ಹಾಗೆ ಎತ್ತಿಟ್ಟುಕೊಂಡೆ. ರಕ್ತಸಂಬಂಧ ರಕ್ತದಲ್ಲಿ ಇರುವುದಿಲ್ಲ, ಲೆಕ್ಕದಲ್ಲಿ ಇರುತ್ತದೆ. ಯಾರ ರಕ್ತವನ್ನು ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದನ್ನು ಊರು ತೀರ್ಮಾನಿಸುತ್ತದೆ.

"ಹಾಗಾದ್ರೆ ಲೆಕ್ಕವೇ ತಪ್ಪು ಅಂತ ಹೇಳ್ಬಹುದಲ್ವಾ ಮೇಡಂ?"

"ಹೇಳ್ಬಹುದು. ಮೊದಲು ಅವರ ಲೆಕ್ಕದಲ್ಲಿ ಕೂಡಿಸ್ಲಿಕ್ಕೆ ಕಲಿ. ಜಗಳ ಮತ್ತೆ ಮಾಡುವ."

ಆ ವರ್ಷವೇ ಅಕ್ಕನನ್ನು ನೋಡಲು ಬಂದರು. ನೋಡುವುದೇನೂ ಉಳಿದಿರಲಿಲ್ಲ. ಅಕ್ಕ ಬೆಳ್ತಂಗಡಿಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದಳು, ಹುಡುಗ ಮುಂಡಾಜೆಯವನು, ಇಬ್ಬರೂ ಒಪ್ಪಿ ಆಗಿತ್ತು. ಹುಡುಗ, ಅವನ ತಾಯಿ, ಅವನ ಸೋದರಮಾವ ಬಂದರು. ಚಹಾ ಮುಗಿಯುವವರೆಗೂ ಮಾತಾಡದ ಸೋದರಮಾವ ಲೋಟ ಕೆಳಗಿಟ್ಟು ಕೇಳಿದರು: "ಬರಿ ಯಾವುದು?"

ಅಪ್ಪ ತಮ್ಮದನ್ನು ಹೇಳಿದರು.

"ಅದು ನಿಮ್ಮದಾಯ್ತು. ಹುಡುಗಿಯದ್ದು?"

ಅಪ್ಪ ಅಮ್ಮನ ಕಡೆ ತಿರುಗಿದರು. ನಾನು ಬಾಯಿ ಹಾಕಿದೆ. "ಮಾವ, ಒಂದೇ ಬರಿ ಆಗ್ಬಾರ್ದು ಅಂತ ತಾನೇ ನಿಮ್ಮ ಚಿಂತೆ? ಬರಿಯೇ ಇಲ್ಲದವಳ ಹತ್ರ ಆ ಹೆದರಿಕೆಯೇ ಇಲ್ಲ. ಇದಕ್ಕಿಂತ ಸೇಫ್ ಹುಡುಗಿ ನಿಮಗೆ ಸಿಗ್ಲಿಕ್ಕಿಲ್ಲ."

ಹುಡುಗ ನಕ್ಕ. ಮಾವನೂ ನಕ್ಕರು. "ಬಾಯಿ ಉಂಟು ಇವಳಿಗೆ. ಅಲ್ಲ ಮಗಾ, ನಾಳೆ ಇವರಿಗೆ ಮಕ್ಕಳಾಗ್ತವೆ. ನಮ್ಮ ಹುಡುಗನ ಬರಿ ಆ ಮಕ್ಕಳಿಗೆ ಬರುದಿಲ್ಲ. ನಿನ್ನ ಅಕ್ಕನದ್ದು ಇಲ್ಲವೇ ಇಲ್ಲ. ಅವು ಯಾವ ಕುಟುಂಬದ ಮನೆಯ ಚಾವಡಿಯಲ್ಲಿ ಕೂತ್ಕೊಳ್ಳುದು? ನೀನು ಎಲ್ಲಿ ಕೂತ್ಕೊಳ್ತೀ ಈಗ, ಹೇಳು."

ಅಪ್ಪನ ಬರಿಯವರೆಲ್ಲ ಸೇರುವ ಕುಟುಂಬದ ಮನೆಗೆ ನಾವು ಹೋಗುತ್ತಿದ್ದದ್ದು ನೆಂಟರ ಹಾಗೆ. ಎಲೆ ಹಾಕಿ ಬಡಿಸುತ್ತಿದ್ದರು, ಉಪಚಾರ ಹೆಚ್ಚೇ ಇತ್ತು. ಮನೆಯವರಿಗೆ ಯಾರೂ ಅಷ್ಟು ಉಪಚಾರ ಮಾಡುವುದಿಲ್ಲ. ನನ್ನ ವಾದಕ್ಕೆ ಅಲ್ಲಿಗೇ ಕಾಲು ಇಲ್ಲದಾಯಿತು.

ದಾರಿ ತೋರಿಸಿದ್ದೂ ಆ ಮಾವನೇ. ಹೊರಗಿನಿಂದ ಬಂದವಳನ್ನು ಯಾರಾದರೊಬ್ಬ ತಾಯಿ ಮಗಳೆಂದು ತೆಗೆದುಕೊಂಡರೆ ಅವಳಿಗೆ ಆ ತಾಯಿಯ ಬರಿ ಬರುತ್ತದೆ, ಅವಳಿಂದ ಮಕ್ಕಳಿಗೆ. ಅಪ್ಪನಿಗೆ ಉತ್ಸಾಹ ಬಂತು. "ಅಷ್ಟೆಯಾ? ನನ್ನ ಅಕ್ಕ ಇದ್ದಾಳಲ್ಲ, ಅವಳೇ ತಗೊಳ್ಳಲಿ!"

ಒಂದು ಕ್ಷಣ ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದವರು ಹುಡುಗನ ತಾಯಿ.

"ಎಂತ ಮಾರ್ರೆ ನೀವು!" ಮಾವ ತೊಡೆ ತಟ್ಟಿಕೊಂಡರು. "ಅಕ್ಕನ ಮಗಳಾದ್ರೆ ಇವರು ನಿಮಗೆ ಸೊಸೆ, ನಿಮ್ಮದೇ ಬರಿ. ಇಷ್ಟು ವರ್ಷ ಸಂಸಾರ ಮಾಡಿ ಈಗ ಹೆಂಡತಿಗೆ ಸೋದರಮಾವ ಆಗ್ತೀರಾ?"

ಬರಿ ಅಪ್ಪನದ್ದೂ ಆಗಬಾರದು, ಹುಡುಗನದ್ದೂ ಆಗಬಾರದು. ಹಾಗೆ ಹುಡುಕಿ ಸಿಕ್ಕಿದವರು ವಿಟ್ಲದ ಅಜ್ಜಿ. ಅಪ್ಪನ ಗೆಳೆಯರೊಬ್ಬರ ತಾಯಿ, ನಾಲ್ಕು ಗಂಡುಮಕ್ಕಳನ್ನು ಹೆತ್ತವರು.

ಮಾತಾಡಲು ಹೋದ ದಿನ ಎಲ್ಲರೂ ಅವರನ್ನು ಹೊಗಳುವುದೇ ಹೊಗಳುವುದು. ಕೊಟ್ಟದ್ದೆಲ್ಲ ಒಂದು ರೀತಿಯಲ್ಲಿ ಮರಳಿ ಬರಬೇಕಾದದ್ದು ಎಂದು ನಾನು ಆಗಷ್ಟೇ ಪಾಠದಲ್ಲಿ ಕೇಳಿದ್ದೆ. "ಅಜ್ಜಿ, ಇದರಲ್ಲಿ ಲಾಭ ನಿಮಗೇ ಜಾಸ್ತಿ ಅಲ್ವಾ?" ಎಂದೆ. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು.

"ಮತ್ತೆ? ಪುಕ್ಕಟೆ ಮಾಡ್ಲಿಕ್ಕೆ ನಂಗೆ ಹುಚ್ಚಾ?" ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು. "ನಾಲ್ಕು ಗಂಡು ಹೆತ್ತೆ. ನಾಲ್ಕೂ ಹೆಂಡತಿಯರ ಬರಿ ಬೆಳೆಸಿದ್ದಾವೆ. ನನ್ನದು ನನ್ನೊಟ್ಟಿಗೆ ಮುಗೀತು ಅಂತ ಇದ್ದೆ. ನಿನ್ನ ಅಮ್ಮ ಬಂದ್ರೆ ನೀವಿಬ್ರು ಫ್ರೀ."

ನನಗೆ ಅವರು ಇಷ್ಟವಾದರು. ಪುಣ್ಯದ ಮಾತಾಡದ ಮನುಷ್ಯರ ಹತ್ತಿರ ವ್ಯವಹಾರ ಸಲೀಸು.

ಒಂದು ಭಾನುವಾರ ಬೆಳಿಗ್ಗೆ ಅವರ ಚಾವಡಿಯಲ್ಲಿ ಶಾಸ್ತ್ರ ನಡೆಯಿತು. ಅಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಅಜ್ಜಿ ಸೀರೆ ಕೊಟ್ಟರು, ವೀಳ್ಯ ಕೊಟ್ಟರು, ಲೋಟದ ಹಾಲನ್ನು ತಾವೊಂದು ಗುಟುಕು ಕುಡಿದು ಅಮ್ಮನ ಕೈಗಿತ್ತರು. ಅಮ್ಮ ಲೋಟ ಎತ್ತುವಾಗ ಮುಂಡಾಜೆಯ ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇನ್ನು ಇವರಿಗೆ ಏನಾದ್ರೂ ಆದ್ರೆ ನಿಮಗೆ ಸೂತಕ. ಉತ್ತರಕ್ರಿಯೆಗೆ ಮಗಳಾಗಿಯೇ ಬರ್ಬೇಕು. ಘಟ್ಟದ ಮೇಲಿನ ಸೂತಕ ಇನ್ನು ನಿಮಗೆ ತಾಗುದಿಲ್ಲ."

ಒಂದು ಭಾರ ಇಳಿಸಿಕೊಟ್ಟೆ ಎನ್ನುವ ಧಾಟಿಯಲ್ಲೇ ಅವರು ಅದನ್ನು ಹೇಳಿದ್ದು. ಅಮ್ಮನ ಕೈ ತುಟಿಯ ಹತ್ತಿರ ನಿಂತಿತು. ದುರ್ಗದಲ್ಲಿ ಅವಳ ಅವ್ವ ಇನ್ನೂ ಗಟ್ಟಿಯಾಗಿದ್ದಾರೆ, ಪ್ರತಿ ಸಂಜೆ ಫೋನ್ ಮಾಡುತ್ತಾರೆ. ಅಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ ನೆಲ ನೋಡುತ್ತಿದ್ದಳು.

ನನ್ನ ಹತ್ತಿರ ವಾದವಿರಲಿಲ್ಲ ಎಂದಲ್ಲ. ಆದರೆ ಸ್ಪರ್ಧೆಯಲ್ಲಿ ಎದುರು ತಂಡ ಎಂದೊಂದು ಇರುತ್ತದೆ. ಇಲ್ಲಿ ಪರ ಮಾತಾಡಿದರೆ ಅಮ್ಮ ಸೋಲುತ್ತಾಳೆ, ವಿರೋಧ ಮಾತಾಡಿದರೆ ಅಕ್ಕ.

"ಇವರನ್ನ ಏನಂತ ಕರೀಬೇಕು?" ಅಮ್ಮ ಕೇಳಿದಳು.

"ಅಪ್ಪೆ ಅಂತ. ತುಳುವಿನಲ್ಲಿ ತಾಯಿಗೆ ಹಾಗೆಯೇ ಹೇಳುದಲ್ವಾ?" ಎಂದರು ಮಾವ.

"ಅವ್ವ ಅನ್ನಬೇಕಾಗಿಲ್ಲ ತಾನೆ?"

"ಛೆ, ಅವ್ವ ಎಂತಕ್ಕೆ?" ಅಜ್ಜಿ ನಕ್ಕರು. "ಅಪ್ಪೆ ಅನ್ನು, ಸಾಕು."

ಅಮ್ಮ ಹಾಲು ಕುಡಿದಳು. ಅಪ್ಪ ಕಣ್ಣೊರೆಸಿಕೊಂಡರು. ಎಲ್ಲರೂ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ.

ಆ ಸಂಜೆ ಬಿ.ಸಿ.ರೋಡಿನ ಮನೆಯಲ್ಲಿ ಫೋನ್ ಬಂತು. ಅಮ್ಮ ಬಟಾಣಿ ಬಿಡಿಸುತ್ತಿದ್ದಳು, ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟಳು.

"ಹೂಂ ಅವ್ವ, ಗಟ್ಟಿ ಆಯ್ತು. ಮುಂದಿನ ತಿಂಗಳೇ ನಿಶ್ಚಿತಾರ್ಥ."

"ಏನು ಕೇಳಿದ್ರು?" ದುರ್ಗದ ಅಜ್ಜಿಯ ದನಿ.

"ಏನೂ ಕೇಳ್ಲಿಲ್ಲ ಅವ್ವ."

"ಏನೂ ಕೇಳ್ಲಿಲ್ವಾ? ಪುಣ್ಯಾತ್ಮರು ಕಣೆ."

ಅಮ್ಮ ಹೂಂ ಎಂದಳು. ಮಳೆ, ಮಂಡಿನೋವು, ಪಕ್ಕದ ಮನೆಯ ಹಸು, ಎಲ್ಲ ಮಾತಾಡಿ ಫೋನ್ ಇಟ್ಟಳು. ನಾನೂ ಒಂದು ಹಿಡಿ ಬಟಾಣಿ ಎತ್ತಿಕೊಂಡು ಎದುರು ಕೂತೆ. ಅವಳ ಲೆಕ್ಕದಲ್ಲೇ ಕೂಡಿಸಿ ನೋಡಿದೆ, ಮುಂಡಾಜೆಯವರ ಲೆಕ್ಕದಲ್ಲೂ ಕೂಡಿಸಿ ನೋಡಿದೆ. ಒಂದರಲ್ಲಿ ಅವಳ ತಾಯಿ ದುರ್ಗದ ಅಜ್ಜಿ, ಇನ್ನೊಂದರಲ್ಲಿ ವಿಟ್ಲದ ಅಜ್ಜಿ; ಎರಡೂ ಸೂತಕದ ಹತ್ತಿರ ಬಂದು ನಿಂತವು. ಕೇಳದೆ ಇರಲಾಗಲಿಲ್ಲ.

"ಅಮ್ಮ, ದುರ್ಗದ ಅಜ್ಜಿ ತೀರಿಕೊಂಡ್ರೆ ನಿನಗೆ ಸೂತಕ ಉಂಟಾ, ಇಲ್ವಾ?"