ಹಳೆಯ ಸ್ಟಾರ್ಟರುಗಳು ಬರುವುದು ನಿಂತಾಗ

ಬೈಲಹೊಂಗಲದ ಮಾರುಕಟ್ಟೆ ಪ್ರಾಂಗಣದ ಎದುರು ನಮ್ಮದೊಂದು ಸಣ್ಣ ಅಂಗಡಿ. ಟ್ರ್ಯಾಕ್ಟರಿನ ಸುಟ್ಟುಹೋದ ಸ್ಟಾರ್ಟರುಗಳನ್ನು, ಅಂದರೆ ಎಂಜಿನ್ ಚಾಲೂ ಮಾಡುವ ಮೋಟರುಗಳನ್ನು, ಗುಜರಿಯಿಂದ ಕೊಂಡು, ಬಿಚ್ಚಿ, ತೊಳೆದು, ಒಳಗಿನದನ್ನೆಲ್ಲ ಹೊಸದಾಗಿಸಿ ಮಾರುತ್ತಿದ್ದೆವು. ಬುಷ್, ಬೇರಿಂಗು ಬದಲಿಸುವುದು ನನ್ನ ಗಂಡನ ಪಾಲಿಗೆ. ತಾಮ್ರದ ತಂತಿ ಸುತ್ತುವುದು ನನ್ನ ಪಾಲಿಗೆ. ಮದುವೆಯಾಗಿ ಬಂದ ಮೇಲೆ ಮಾವ ಕಲಿಸಿದ ಕೆಲಸವದು.

ಯರಗಟ್ಟಿಯ ಒಬ್ಬ ಗುಜರಿ ವ್ಯಾಪಾರಿ ವಾರವಾರ ಟಂಟಂ ರಿಕ್ಷಾ ತುಂಬ ಹಳೆಯ ಸ್ಟಾರ್ಟರು ತಂದುಹಾಕುತ್ತಿದ್ದರು. ಒಮ್ಮೆ ಖಾಲಿ ಟಂಟಂ ತಂದು ನಿಲ್ಲಿಸಿದರು. ಚಹಾ ಕೊಟ್ಟರೂ ಕುಡಿಯಲಿಲ್ಲ.

"ವೈನಿ, ಕಿತ್ತೂರ ಹೈವೇ ಕಡೆ ಹೊಸಾ ಫ್ಯಾಕ್ಟ್ರಿ ಆಗೇತಲ್ಲ, ಅವರೂ ಇದ ಕೆಲಸಾ ಮಾಡ್ತಾರ್ರಿ. ಮಷೀನಿಗೂ ಸಬ್ಸಿಡಿ, ಕರೆಂಟಿಗೂ ಸಬ್ಸಿಡಿ. ಹಳೇ ಮಾಲಿಗೆ ನೀವು ಕೊಡೂದಕಿಂತ ಭಾಳ ಹೆಚ್ಚಿಗಿ ಕೊಡ್ತಾರ."

"ಅಷ್ಟ ನಾವು ಕೊಟ್ರ ನಮಗ ಉಳಿಯೂದೇನು?" ಎಂದರು ನನ್ನ ಗಂಡ.

"ಅದಕ್ಕ ಹೇಳಾಕ ಬಂದೇನ್ರಿ. ಸುಮ್ಮನ ಬರೂದು ಬಿಡೂದು ಸರಿ ಅನಿಸಲಿಲ್ಲ."

ಅವರ ಮೇಲೆ ಸಿಟ್ಟಾಗೋಣವೆಂದರೆ ಕಾರಣವೇ ಸಿಗಲಿಲ್ಲ.

ಸವದತ್ತಿ, ರಾಮದುರ್ಗದ ಗುಜರಿ ಅಂಗಡಿಗಳನ್ನೆಲ್ಲ ನಾವೇ ಸುತ್ತಿದೆವು. ಎಲ್ಲಿ ಹೋದರೂ ಫ್ಯಾಕ್ಟರಿಯ ಗಾಡಿ ಮೊದಲೇ ಬಂದು ಹೋಗಿರುತ್ತಿತ್ತು. ಗಿರಾಕಿಗಳಿದ್ದರು, ಕೈಯಲ್ಲಿ ಕಸುಬಿತ್ತು. ರಿಪೇರಿ ಮಾಡಲು ಕೆಟ್ಟುಹೋದ ಸಾಮಾನೇ ಇಲ್ಲ.

ಆ ಸಬ್ಸಿಡಿ ನಮಗೂ ಸಿಕ್ಕೀತೇನೋ ಎಂದು ಕೈಗಾರಿಕಾ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ, ನನ್ನ ವಯಸ್ಸಿನ ಹೆಣ್ಣುಮಗಳು, ಕುರ್ಚಿ ಕೊಟ್ಟು ಸಮಾಧಾನದಿಂದಲೇ ಹೇಳಿದರು: "ಯೋಜನಾ ಇರೂದು ಹೊಸಾ ಘಟಕಕ್ಕ ರೀ. ಮೊದಲಿಂದ ನಡಿಯೂ ಅಂಗಡಿಗೆ ಬರೂದಿಲ್ಲ."

"ಈಗ ಅದು ನಡೀವಲ್ದ್ರಿ," ಎಂದೆ.

ಅವರು ಯೋಜನೆಯ ಹಾಳೆಯನ್ನು ನಮ್ಮ ಕಡೆ ತಿರುಗಿಸಿಟ್ಟರು. "ಖರೇ ಹೇಳ್ತೇನಿ ಅಕ್ಕಾರ, ನನ್ನ ಕೈಯಾಗ ಏನೂ ಇಲ್ಲ."

ಮುಂದೆ ಫ್ಯಾಕ್ಟರಿಯ ಸ್ಟಾರ್ಟರುಗಳು ವಾರಂಟಿ ಸಮೇತ ನಮ್ಮೂರಿನ ಅಂಗಡಿಗಳಿಗೂ ಬಂದವು, ನಮ್ಮದಕ್ಕಿಂತ ಅಗ್ಗವಾಗಿ. ಒಂದನ್ನು ಕೊಂಡು ತಂದು ಬಿಚ್ಚಿದೆ. ಸುತ್ತು ಸಡಿಲವಿರಲಿ, ತಂತಿ ತೆಳುವಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಸುತ್ತು ಬಿಗಿಯಾಗಿತ್ತು. ತಂತಿಯ ಮೇಲೆ ವಾರ್ನಿಷ್ ಎಲ್ಲ ಕಡೆ ಒಂದೇ ಸಮ ಹರಡಿತ್ತು.

"ಹೆಂಗೈತಿ?" ಎಂದರು ಗಂಡ.

"ಚಲೋ ಐತಿ."

ಮತ್ತೆ ಅದನ್ನು ಜೋಡಿಸಿಟ್ಟೆ.

ಈಗ ಗಂಡ ಬೆಳಿಗ್ಗೆ ಕಿತ್ತೂರಿನ ಬಸ್ಸು ಹಿಡಿದು ಅದೇ ಫ್ಯಾಕ್ಟರಿಗೆ ಹೋಗುತ್ತಾರೆ, ಹಳೆಯ ಸ್ಟಾರ್ಟರು ಬಿಚ್ಚುವ ಕೆಲಸಕ್ಕೆ. ಅಲ್ಲಿ ತಂತಿ ಸುತ್ತುವುದು ಯಂತ್ರ, ನನ್ನನ್ನು ಕರೆಯಲಿಲ್ಲ. ನಾನು ಅಂಗಡಿ ತೆರೆದು ರಿಪೇರಿಗೆ ಬರುವ ಫ್ಯಾನು, ಮಿಕ್ಸರುಗಳ ದಾರಿ ಕಾಯುತ್ತೇನೆ. ಬೇಸಿಗೆಯಲ್ಲಿ ಒಂದಷ್ಟು ಬರುತ್ತವೆ. ಸಂಜೆ ಗಂಡ ಬಚ್ಚಲಲ್ಲಿ ಗ್ರೀಸು ತಿಕ್ಕಿ ತೊಳೆಯುತ್ತ, "ಇವತ್ತ ಭಾಳ ಮಾಲ ಬಂದಿತ್ತು," ಎನ್ನುತ್ತಾರೆ. ಹೌದೇ ಎಂದು ನಾನು ರೊಟ್ಟಿ ಬಡಿಸುತ್ತೇನೆ.